ಕೊಬ್ಬರಿ ಕೋಣೆಯ ಚುಕ್ಕಿರಾಯ

ತರೀಕೆರೆಯ ನಮ್ಮ ಮನೆಗೆ ಆ ಎರಡು ಪುಸ್ತಕಗಳು ಬಂದದ್ದು ಹೋದ ಬೇಸಿಗೆಯಲ್ಲಿ. ಕೊರಿಯರ್‌ನವನು ಡಬ್ಬವನ್ನು ಜಗಲಿಯ ಮೇಲಿಟ್ಟು ಸೊಂಟ ನೀವಿಕೊಂಡು, ಇದರೊಳಗೆ ಇಟ್ಟಿಗೆ ಏನಾದರೂ ತರಿಸಿದ್ದೀರಾ ಎಂದು ಕೇಳಿದ. ತರಿಸಿದವನು ನನ್ನ ಮಗ. ಬಸ್ ಸ್ಟ್ಯಾಂಡಿನ ಹತ್ತಿರ ಮೆಡಿಕಲ್ ಸ್ಟೋರ್ ಇಟ್ಟಿದ್ದಾನೆ. ಮಧ್ಯಾಹ್ನ ಗಿರಾಕಿಗಳಿಲ್ಲದಾಗ ಮೊಬೈಲ್ ನೋಡುತ್ತಾ ಕೂತಿರುತ್ತಾನೆ. ನಾನು ಎಂಟು ವರ್ಷದವಳಿದ್ದಾಗ ನೋಡಿದ್ದ ಒಂದು ಇಂಗ್ಲಿಷ್ ಕಾಮಿಕ್ಸಿನ ವಿಷಯವನ್ನು ಅವನಿಗೆ ಯಾವಾಗಲೋ ಹೇಳಿದ್ದೆ. ಅದರ ಹೆಸರು ನನಗೆ ಗೊತ್ತಿರಲಿಲ್ಲ. ತಾಮ್ರದ ಬಣ್ಣದ ಮೈ, ಬರಿಗಾಲು, ಅಂಗೈಯಲ್ಲಿ ಉರಿಯುವ ನಕ್ಷತ್ರದ ಚೂರು. ಆಕಾಶದಲ್ಲಿ ಆರಿಹೋದ ಸೂರ್ಯರನ್ನು ಹುಡುಕಿಕೊಂಡು ಹೋಗಿ ಮತ್ತೆ ಹೊತ್ತಿಸುವುದು ಅವನ ಕೆಲಸ. ಇಷ್ಟು ಗುರುತು ಹಿಡಿದುಕೊಂಡು ಮಗ ಒಂದು ವಾರ ಹುಡುಕಿದ. ಕೊನೆಗೊಂದು ದಿನ ಊಟಕ್ಕೆ ಬಂದವನು ಕೈ ತೊಳೆಯುವ ಮೊದಲೇ ಮೊಬೈಲನ್ನು ನನ್ನ ಮುಂದೆ ಹಿಡಿದು, "ಇವ್ನೇನಮ್ಮಾ?" ಎಂದ. ಅವನೇ. ಹಳೆಯ ಬಿಡಿ ಸಂಚಿಕೆಗಳನ್ನೆಲ್ಲ ಸೇರಿಸಿ ಎರಡು ದಪ್ಪ ಸಂಪುಟಗಳನ್ನಾಗಿ ಮಾಡಿದ್ದಾರಂತೆ. ಇಂಗ್ಲಿಷಿನಲ್ಲಿ ಅವನಿಗೊಂದು ಉದ್ದನೆಯ ಹೆಸರಿದೆ ಎಂದು ನನಗೆ ತಿಳಿದದ್ದು ಆವತ್ತು. ನಮ್ಮ ಮನೆಯಲ್ಲಿ ಅವನು ಚುಕ್ಕಿರಾಯ.

ಆ ಹೆಸರಿಟ್ಟವನು ನನ್ನ ಚಿಕ್ಕಪ್ಪ ಓಂಕಾರ. ಅಪ್ಪನಿಗಿಂತ ಹದಿನಾಲ್ಕು ವರ್ಷಕ್ಕೆ ಚಿಕ್ಕವನು. ಆಗ ನಾವಿದ್ದದ್ದು ಕಡೂರಿನಲ್ಲಿ. ಊರಾಚೆ ಒಂದಷ್ಟು ತೆಂಗಿನ ತೋಟ, ಅದರಾಚೆ ರಾಗಿ ಬೆಳೆಯುವ ಬೆದ್ದಲು, ಊರೊಳಗೆ ಒಂದು ಮಾಳಿಗೆ ಮನೆ. ಮನೆಯ ಒಂದು ಮೂಲೆಯಲ್ಲಿ ಕೊಬ್ಬರಿ ಕೋಣೆ ಇತ್ತು. ಅದರ ಬಾಗಿಲು ಬೀದಿಗೆ. ಒಳಗಿನ ಅಂಗಳಕ್ಕೆ ಮರದ ಸರಳುಗಳಿದ್ದ ಒಂದು ಕಿಟಕಿ ಮಾತ್ರ. ತೋಟದಿಂದ ಬಂದ ಕಾಯಿಗಳನ್ನು ಆ ಕೋಣೆಯ ಅಟ್ಟದ ಮೇಲೆ ಹರಡಿ ವರ್ಷಗಟ್ಟಲೆ ಬಿಡುತ್ತಿದ್ದರು. ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪಿನಿಂದ ಬಿಟ್ಟುಕೊಂಡ ಮೇಲೆ ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಲೊಟಲೊಟ ಎನ್ನುತ್ತಿತ್ತು. ಅಟ್ಟದ ಕೆಳಗೆ ಯಾವಾಗಲೂ ಎಣ್ಣೆಯ ಸಿಹಿ ವಾಸನೆ, ನಾರಿನ ಧೂಳು. ಅಲ್ಲಿಗೆ ಮನುಷ್ಯರು ಮಲಗಲು ಹೋಗುತ್ತಿರಲಿಲ್ಲ. ಚಿಕ್ಕಪ್ಪ ಕೆಮ್ಮಣ್ಣುಗುಂಡಿಯಿಂದ ಕಾಯಿಲೆ ಬಿದ್ದು ಬಂದಾಗ ಅಪ್ಪ ಅಟ್ಟದ ಕಾಯಿಗಳನ್ನೆಲ್ಲ ಇಳಿಸಿ, ಗೋಡೆಗೆ ಸುಣ್ಣ ಬಳಿಸಿ, ಒಂದು ಮಂಚ ಹಾಕಿಸಿದ.

ಕೆಮ್ಮಣ್ಣುಗುಂಡಿಯಲ್ಲಿ ಆಗ ಗಣಿ ಇತ್ತು. ಚಿಕ್ಕಪ್ಪ ಅಲ್ಲಿನ ಆಫೀಸಿನಲ್ಲಿ ಗುಮಾಸ್ತ. ಮನೆಯಲ್ಲಿ ಇಂಗ್ಲಿಷನ್ನು ಸಲೀಸಾಗಿ ಓದುತ್ತಿದ್ದವನು ಅವನೊಬ್ಬನೇ. ಅಲ್ಲಿದ್ದ ಒಬ್ಬ ಎಂಜಿನಿಯರು ವರ್ಗವಾಗಿ ಹೋಗುವಾಗ ತಮ್ಮ ಮಕ್ಕಳು ಓದಿ ಬಿಟ್ಟಿದ್ದ ಕಾಮಿಕ್ಸನ್ನೆಲ್ಲ ಇವನಿಗೆ ಕೊಟ್ಟಿದ್ದರು. ಹಾಗಾಗಿ ಅವನು ಮನೆಗೆ ಬಂದದ್ದು ಒಂದು ಟ್ರಂಕು ಪುಸ್ತಕ ಮತ್ತು ನಿಲ್ಲದ ಕೆಮ್ಮಿನ ಜೊತೆಗೆ. ಕ್ಷಯ ಎಂಬ ಮಾತನ್ನು ಮನೆಯಲ್ಲಿ ಯಾರೂ ಆಡುತ್ತಿರಲಿಲ್ಲ. ಅಜ್ಜಿ "ಎದೆ ಶೀತ" ಎನ್ನುತ್ತಿದ್ದಳು, ಅಪ್ಪ "ಆ ಕಾಯಿಲೆ" ಎನ್ನುತ್ತಿದ್ದ. ಅಮ್ಮ ಏನೂ ಎನ್ನುತ್ತಿರಲಿಲ್ಲ. ಅವನ ತಟ್ಟೆ, ಲೋಟ, ಚೊಂಬನ್ನು ಬೇರೆ ಮಾಡಿ, ಊಟವನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು, ತಿಂದಾದ ಮೇಲೆ ತಟ್ಟೆಯ ಮೇಲೆ ಕುದಿಯುವ ನೀರು ಸುರಿಯುತ್ತಿದ್ದಳು. ಇಂಜೆಕ್ಷನ್ ಚುಚ್ಚಲು ಸೈಕಲ್ಲಿನಲ್ಲಿ ಬರುತ್ತಿದ್ದ ಕಾಂಪೌಂಡರ್ ಸಾಬರು ಒಮ್ಮೆ ಅವಳಿಗೆ ಹೇಳಿದ್ದರು:

"ಬಿಸಿಲಿಗೆ ಹಾಕಮ್ಮಾ ಎಲ್ಲಾನೂ. ಹಾಸಿಗೆ, ಬಟ್ಟೆ, ಪುಸ್ತಕ. ನನ್ ಸೂಜಿಗಿಂತ ನಿಮ್ ಕಡೂರು ಬಿಸಿಲೇ ಜೋರು."

ಅಂದಿನಿಂದ ಚುಕ್ಕಿರಾಯನೂ ಬಿಸಿಲು ಕಾಯತೊಡಗಿದ. ನಾನು ಸ್ಕೂಲಿನಿಂದ ಬಂದವಳೇ ಅಂಗಳದ ಕಿಟಕಿಗೆ ಜೋತುಬೀಳುತ್ತಿದ್ದೆ. ಚಿಕ್ಕಪ್ಪ ಮಂಚದ ಮೇಲೆ ಕೂತು, ಪುಸ್ತಕವನ್ನು ಸರಳಿಗೆ ಆನಿಸಿ, ಚಿತ್ರದ ಮೇಲೆ ಬೆರಳಾಡಿಸುತ್ತಾ ಇಂಗ್ಲಿಷನ್ನು ಕನ್ನಡ ಮಾಡಿ ಓದುತ್ತಿದ್ದ. ನನಗೆ ಆಗಿನ್ನೂ ಎಬಿಸಿಡಿ ಬಾರದು. ಅವನ ಬಾಯಲ್ಲಿ ಬೇರೆ ಗ್ರಹದವರೆಲ್ಲ ನಮ್ಮೂರಿನವರಾಗಿಬಿಡುತ್ತಿದ್ದರು. ಸೂರ್ಯರನ್ನು ನುಂಗಿ ತೇಗುತ್ತಿದ್ದ ಕತ್ತಲ ದೊರೆ ಥೇಟ್ ನಮ್ಮ ಬೀದಿಯ ಶ್ಯಾನುಭೋಗರ ಹಾಗೆ ಮೂಗಿನಲ್ಲಿ ಮಾತಾಡುತ್ತಿದ್ದ. ಪುಸ್ತಕದಲ್ಲಿ ಒಬ್ಬಳು ಹುಡುಗಿಯೂ ಇದ್ದಳು. ಹಾಳಾದ ಗ್ರಹವೊಂದರಲ್ಲಿ ಒಬ್ಬಳೇ ಉಳಿದವಳು, ಚುಕ್ಕಿರಾಯನ ಹಡಗು ಹತ್ತಿ ಬಂದವಳು. ಚಿಕ್ಕಪ್ಪ ಅವಳಿಗೆ ಮಿಣುಕಿ ಎಂದು ಹೆಸರಿಟ್ಟಿದ್ದ. ಒಂದು ಸಂಚಿಕೆ ಮುಗಿದರೆ ಅಮ್ಮ ಅದನ್ನು ಒಲೆಯ ಇಕ್ಕಳದಲ್ಲಿ ಹಿಡಿದು ಮಾಳಿಗೆಗೆ ಒಯ್ದು, ಸಂಡಿಗೆಯ ಸೀರೆಯಿಂದ ದೂರದಲ್ಲಿ ಹಾಳೆ ಬಿಡಿಸಿ, ಮೇಲೆ ಕಲ್ಲು ಹೇರುತ್ತಿದ್ದಳು. ಮೂರು ದಿನ ಒಣಗಿದ ಮೇಲೆ ಅದು ನನ್ನ ಕೈಗೆ. ಅಷ್ಟರಲ್ಲಿ ಹಾಳೆಗಳು ಹಪ್ಪಳದ ಹಾಗೆ ಸುರುಟಿಕೊಂಡು, ಕೆಂಪು ಬಣ್ಣವೆಲ್ಲ ಇಳಿದು, ಆಕಾಶಕ್ಕೆಲ್ಲ ಅರಿಶಿನ ಹತ್ತಿದಂತಾಗಿರುತ್ತಿತ್ತು. ಹೊಸ ಸಂಪುಟವನ್ನು ತೆರೆದಾಗ ಮೊದಲು ನನಗೆ ಒಗ್ಗದೇ ಹೋದದ್ದು ಅದೇ. ನುಣುಪು ಕಾಗದದ ಮೇಲೆ ಆಕಾಶ ಕಡುನೀಲಿಯಾಗಿತ್ತು. ಯಾರದೋ ಮನೆಗೆ ಬಂದ ಹಾಗನಿಸಿತು.

ಚಿಕ್ಕಪ್ಪ ಬಂದ ವರ್ಷದ ಬೇಸಿಗೆಯ ಒಂದು ಮಧ್ಯಾಹ್ನ ನಾನು ತಪ್ಪು ಮಾಡಿದೆ. ಅಮ್ಮ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದಳು, ಅಜ್ಜಿ ಮಲಗಿದ್ದಳು. ಹಿಂದಿನ ದಿನ ಕಥೆ ಎಂಥ ಕಡೆ ನಿಂತಿತ್ತೆಂದರೆ, ಮೂರು ದಿನದ ಬಿಸಿಲನ್ನು ಕಾಯುವುದು ನನ್ನಿಂದಾಗಲಿಲ್ಲ. ಬೀದಿಯ ಕಡೆಯಿಂದ ಹೋಗಿ ಚಿಲಕ ತೆಗೆದು ಒಳಗೆ ನುಗ್ಗಿದೆ. ಚಿಕ್ಕಪ್ಪನಿಗೆ ಜ್ವರದ ಮಂಪರು. ಪುಸ್ತಕ ಅವನ ತಲೆದಿಂಬಿನ ಪಕ್ಕದಲ್ಲಿತ್ತು. ಅಲ್ಲೇ ಅವನ ಪಕ್ಕ ಮಲಗಿ ಚಿತ್ರ ನೋಡುತ್ತಾ ನೋಡುತ್ತಾ ನನಗೂ ನಿದ್ದೆ ಬಂದಿರಬೇಕು. ಎಚ್ಚರವಾದಾಗ ಅಮ್ಮ ನನ್ನ ರಟ್ಟೆ ಹಿಡಿದು ಎಳೆಯುತ್ತಿದ್ದಳು. ಬಚ್ಚಲಿಗೆ ಎಳೆದುಕೊಂಡು ಹೋಗಿ, ಸುಡುವ ನೀರು ಹೊಯ್ದು, ಸೀಗೆಪುಡಿಯಲ್ಲಿ ಮೈಯುಜ್ಜಿದಳು. ಚರ್ಮವೆಲ್ಲ ಕೆಂಪಾಗಿ ನಾನು ಕಿರುಚುತ್ತಿದ್ದರೂ ಬಿಡಲಿಲ್ಲ. ಚಿಕ್ಕಪ್ಪನ ಮೇಲೆ ಅವಳಿಗೆಷ್ಟು ಅಸಹ್ಯ ಎಂದು ನಾನು ಅಂದುಕೊಂಡೆ. ಎಷ್ಟೋ ವರ್ಷ ಹಾಗೆಯೇ ಅಂದುಕೊಂಡಿದ್ದೆ.

ಮಾರನೆಯ ದಿನ ಕಿಟಕಿಯ ಹತ್ತಿರ ಹೋದಾಗ ಚಿಕ್ಕಪ್ಪ ಹೊಸ ಸಂಚಿಕೆ ತೆಗೆದಿದ್ದ. ಅದರ ಕೊನೆಯ ಪುಟದ ತುಂಬ ಒಂದೇ ಚಿತ್ರ. ಹಡಗಿನ ಗಾಜಿನ ಬಾಗಿಲಿನ ಆಚೆ ಚುಕ್ಕಿರಾಯ, ಈಚೆ ಮಿಣುಕಿ. ಅವನು ಒಂದು ಕೈ ಎತ್ತಿ ಅಂಗೈಯನ್ನು ಅವಳ ಕಡೆ ಚಾಚಿದ್ದಾನೆ. ಬಾಯಿಯಿಂದ ಹೊರಟ ಬಿಳಿಯ ಗುಳ್ಳೆಯಲ್ಲಿ ನಾಲ್ಕೈದೇ ಪದ. ಚಿಕ್ಕಪ್ಪ ಸ್ವಲ್ಪ ಹೊತ್ತು ಅದನ್ನೇ ನೋಡುತ್ತಾ ಕೂತಿದ್ದು ಆಮೇಲೆ ಓದಿದ:

"ಅಲ್ಲೇ ನಿಲ್ಲು ಮಿಣುಕೀ. ನನ್ ಮೈಯಲ್ಲಿ ಬೆಂಕಿ ಐತೆ. ಮೂರು ಮಾರು ದೂರ ಇರೋ ತಂಕ ನೀನು ನನ್ ಸ್ನೇಹಿತೆ. ಹತ್ರ ಬಂದ್ರೆ ಬೂದಿ ಆಗೋಗ್ತೀಯ."

"ಅವಳಿಗೆ ಬೇಜಾರಾಗಲ್ವಾ?" ಎಂದು ಕೇಳಿದೆ.

"ಆಗ್ತದೆ. ಆದ್ರೂ ಅವ್ಳು ಜಾಣೆ. ಮಾತು ಕೇಳ್ತಾಳೆ."

ಕಿಟಕಿಯಿಂದ ಅಳೆದರೆ ಮೂರು ಮಾರು ಅಂಗಳದ ಒರಳುಕಲ್ಲಿಗೆ ಬರುತ್ತಿತ್ತು. ಅಳೆದವಳು ನಾನೇ, ಕೈ ಚಾಚಿ ಚಾಚಿ. ಅಂದಿನಿಂದ ಒರಳುಕಲ್ಲೇ ನನ್ನ ಜಾಗ. ಯಾರೂ ಹೇಳಬೇಕಾಗಿರಲಿಲ್ಲ. ಅಷ್ಟು ದೂರಕ್ಕೆ ಕೇಳಿಸಲು ಚಿಕ್ಕಪ್ಪ ಗಟ್ಟಿಯಾಗಿ ಓದಬೇಕಾಗುತ್ತಿತ್ತು. ಗಟ್ಟಿಯಾಗಿ ಓದಿದರೆ ಕೆಮ್ಮು ಬರುತ್ತಿತ್ತು. ಆಮೇಲಾಮೇಲೆ ದಿನಕ್ಕೆ ಎರಡೇ ಪುಟ. ಮುಂದಿನ ಕೆಲವು ಸಂಚಿಕೆಗಳು ಟ್ರಂಕಿನಲ್ಲಿ ಸಿಗುತ್ತಿಲ್ಲ, ಎಲ್ಲೋ ಕಳೆದುಹೋಗಿವೆ ಎಂದು ಹೇಳಿ, ಹಳೆಯವನ್ನೇ ಮತ್ತೆ ಓದುತ್ತಿದ್ದ.

ಮಳೆಗಾಲದ ಹೊತ್ತಿಗೆ ಅವನ ಕರವಸ್ತ್ರದಲ್ಲಿ ರಕ್ತ ಕಾಣಿಸಿತು. ಆ ಕಾಯಿಲೆಗೆಂದೇ ಬೇರೆ ವಾರ್ಡಿರುವ ದೊಡ್ಡಾಸ್ಪತ್ರೆಗೆ ಸೇರಿಸಿ ಎಂದು ಡಾಕ್ಟರು ಹೇಳಿದರು. ಅಜ್ಜಿ ಒಪ್ಪಲಿಲ್ಲ. ಅಡುಗೆಮನೆಯಲ್ಲಿ ಅತ್ತೆ ಸೊಸೆಗೆ ಆವತ್ತು ನಡೆದ ಜಗಳ ನನ್ನ ಕಿವಿಯಲ್ಲಿ ಇನ್ನೂ ಇದೆ.

"ಆ ಆಸ್ಪತ್ರೆಗೆ ಹೋದೋರು ಯಾರೇ ವಾಪಸ್ ಬಂದವ್ರೆ? ನನ್ ಮಗ ನನ್ ಕಣ್ಮುಂದೆ ಇರ್ಲಿ. ಸೊಪ್ಪಿನ ಔಷಧಿ ತರಿಸ್ತೀನಿ, ವೀರಭದ್ರಂಗೆ ಹರಕೆ ಕಟ್ಕೊಂಡಿದೀನಿ."

"ಅವ್ನು ಈ ಮನೇಲಿ ಇರಕೂಡ್ದು ಅತ್ತೆ," ಎಂದಳು ಅಮ್ಮ. "ನಾಳೆನೇ ಹೋಗ್ಬೇಕು. ಹೋಗೋ ತಂಕ ನಾನು ಒಲೆ ಹಚ್ಚಲ್ಲ."

ಅಜ್ಜಿ ಅವಳನ್ನು ಕಲ್ಲೆದೆಯವಳು ಎಂದಳು, ಮನೆ ಮುರಿಯಲು ಬಂದವಳು ಎಂದಳು. ಅಪ್ಪ ನಡುಮನೆಯ ಕಂಬಕ್ಕೆ ಒರಗಿಕೊಂಡು ಇಬ್ಬರ ಮಾತನ್ನೂ ಕೇಳುತ್ತಿದ್ದ. ಮಾರನೆಯ ದಿನ ನಿಜವಾಗಿಯೂ ಒಲೆ ಹೊತ್ತಲಿಲ್ಲ. ನಾವೆಲ್ಲ ಬೆಲ್ಲ, ಕಡಲೆಪುರಿ ತಿಂದೆವು. ಸಂಜೆಗೆ ಅಪ್ಪ ಎದ್ದು ಹೋಗಿ ಜಟಕಾ ಕರೆತಂದ.

ಚಿಕ್ಕಪ್ಪ ಹೊರಡುವಾಗ ಕಿಟಕಿಗೆ ಬಂದು "ಗಿರ್ಜೀ" ಎಂದು ಕರೆದ. ನಾನು ಒರಳುಕಲ್ಲಿನ ಹತ್ತಿರ ನಿಂತಿದ್ದೆ. ಅವನ ಕಂಕುಳಲ್ಲಿ ನಾಲ್ಕಾರು ಪುಸ್ತಕಗಳಿದ್ದವು. "ಬತ್ತೀನಿ ಕಣೇ" ಎಂದು ಕೈ ಎತ್ತಿದ. ನಾನೂ ಎತ್ತಿದೆ. ಹತ್ತಿರ ಹೋಗಬೇಕೆಂದು ಎಷ್ಟು ಆಸೆಯಾಗಿತ್ತೋ! ಆದರೆ ನಾನು ಜಾಣೆಯಾಗಿದ್ದೆ, ಹೋಗಲಿಲ್ಲ.

ಜಟಕಾ ತಿರುವು ದಾಟುವುದರೊಳಗೆ ಅಮ್ಮ ಕೋಣೆ ಖಾಲಿ ಮಾಡತೊಡಗಿದಳು. ಚಾಪೆ, ದಿಂಬು, ಹಳೆಯ ಅಂಗಿಗಳು ಬಚ್ಚಲ ಒಲೆಗೆ ಹೋದವು. ಆಮೇಲೆ ಟ್ರಂಕಿನಲ್ಲಿದ್ದ ಪುಸ್ತಕಗಳು. ನಾನು ಹಾಸಿಗೆಯ ಕೆಳಗೆ ಬಚ್ಚಿಟ್ಟಿದ್ದ, ಮೂರು ದಿನ ಬಿಸಿಲು ಕಾಯಿಸಿ ಅವಳೇ ಕೊಟ್ಟಿದ್ದ ಪುಸ್ತಕಗಳನ್ನೂ ಹುಡುಕಿ ತಂದಳು. ನಾನು ಬಚ್ಚಲ ಹೊಸ್ತಿಲಲ್ಲಿ ನಿಂತು ಕೂಗಿದೆ:

"ನೀನು ಕೆಟ್ಟೋಳು. ಚಿಕ್ಕಪ್ಪನ್ನ ಓಡಿಸ್ಬಿಟ್ಟೆ."

ಅಮ್ಮ ತಿರುಗಿ ನೋಡಲಿಲ್ಲ. "ಹೂಂ ಕಣೇ, ಓಡಿಸ್ದೆ," ಎಂದು ಹೇಳಿ ಇನ್ನೊಂದು ಪುಸ್ತಕವನ್ನು ಒಲೆಗೆ ತಳ್ಳಿದಳು.

ಚಿಕ್ಕಪ್ಪ ಸಾಯಲಿಲ್ಲ. ಒಂದೂವರೆ ವರ್ಷಕ್ಕೆ ಗುಣವಾಗಿ ಬಂದ. ಆಮೇಲೆ ಅಜ್ಜಂಪುರದಲ್ಲಿ ಟೈಪಿಂಗ್ ಇನ್‌ಸ್ಟಿಟ್ಯೂಟ್ ತೆಗೆದು, ಅಲ್ಲಿಗೆ ಕಲಿಯಲು ಬಂದ ಶಿವನಿಯ ಹುಡುಗಿಯನ್ನೇ ಮದುವೆಯಾಗಿ, ಅಲ್ಲೇ ನೆಲೆಯಾದ. ನಾನು ನರ್ಸಿಂಗ್ ಓದಿದೆ. ಮೂವತ್ತು ಚಿಲ್ಲರೆ ವರ್ಷ ಸರ್ಕಾರಿ ಆಸ್ಪತ್ರೆಗಳಲ್ಲಿ ಕೆಲಸ ಮಾಡಿದೆ. ಬೇರೆಯವರು ಹೋಗಲು ಹಿಂಜರಿಯುವ ವಾರ್ಡುಗಳನ್ನು ಕೇಳಿ ಹಾಕಿಸಿಕೊಂಡೆ, ಮೂಗಿಗೆ ಬಟ್ಟೆ ಕಟ್ಟಿಕೊಂಡು ಕೆಮ್ಮುವವರ ಮಂಚದ ಪಕ್ಕದಲ್ಲೇ ಕೂತೆ. ಅದೆಲ್ಲ ಆ ಒರಳುಕಲ್ಲಿನ ದೂರಕ್ಕೆ ತೀರಿಸಿದ ಹರಕೆ ಎಂದು ಈಗ ಅನ್ನಿಸುತ್ತದೆ. ಅಮ್ಮನ ಜೊತೆ ಮಾತ್ರ ನಾನು ಪೂರ್ತಿ ರಾಜಿಯಾಗಲೇ ಇಲ್ಲ. ಜಗಳವೇನೂ ಆಡಲಿಲ್ಲ. ಅವಳ ಕೊನೆಯ ಕಾಲದಲ್ಲಿ ನಾನೇ ಮೈ ತೊಳೆದೆ, ಗಂಜಿ ಕುಡಿಸಿದೆ. ಆದರೂ ಕಾಯಿಲೆ ಬಿದ್ದ ಮೈದುನನನ್ನು ಮನೆಯಿಂದ ಹೊರಗೆ ಹಾಕಿದ ಹೆಂಗಸು ಎಂಬ ಒಂದು ಎಳೆ ನನ್ನೊಳಗೆ ಇದ್ದೇ ಇತ್ತು. ಅವಳಿಗೂ ಅದು ಗೊತ್ತಿತ್ತು ಅಂತ ಕಾಣುತ್ತದೆ. ಅವಳು ಯಾವತ್ತೂ ಸಮಜಾಯಿಷಿ ಹೇಳಲಿಲ್ಲ. ಎಂಟು ವರ್ಷದ ಹಿಂದೆ ತೀರಿಕೊಂಡಳು.

ಸಂಪುಟಗಳನ್ನು ದಿನಕ್ಕೊಂದು ಸಂಚಿಕೆಯಂತೆ ಓದತೊಡಗಿದೆ. ಈಗ ನನಗೆ ಇಂಗ್ಲಿಷ್ ಬರುತ್ತದೆ. ಆದರೂ ಕಿವಿಯಲ್ಲಿ ಚಿಕ್ಕಪ್ಪನ ಕನ್ನಡವೇ ಕೇಳುತ್ತಿತ್ತು. ಬಹಳಷ್ಟನ್ನು ಅವನು ಇದ್ದಹಾಗೆಯೇ ಓದಿದ್ದ. ಮೊದಲ ಸಂಪುಟದ ಕೊನೆಯ ಹೊತ್ತಿಗೆ ಗಾಜಿನ ಬಾಗಿಲಿನ ಆ ಪುಟ ಬಂತು. ಅದೇ ಎತ್ತಿದ ಕೈ, ಅದೇ ನಾಲ್ಕೈದು ಪದಗಳ ಗುಳ್ಳೆ. ಓದಿದೆ. ನಂಬಿಕೆ ಬಾರದೆ ಕನ್ನಡಕ ಒರೆಸಿಕೊಂಡು ಮತ್ತೆ ಓದಿದೆ. ಅಲ್ಲಿದ್ದದ್ದು ಇಷ್ಟೇ: ಹೆದರಬೇಡ, ಬಾಗಿಲು ತೆಗೆದು ಬಾ.

ಪುಟ ಮಗುಚಿದರೆ, ಮುಂದಿನ ಸಂಚಿಕೆಯ ಮೊದಲ ಚಿತ್ರದಲ್ಲೇ ಮಿಣುಕಿ ಬಾಗಿಲು ತೆಗೆದಿದ್ದಾಳೆ. ಕೆಲವು ಪುಟಗಳಾದ ಮೇಲೆ ಚುಕ್ಕಿರಾಯನ ಹೆಗಲ ಮೇಲೆ ಕೂತಿದ್ದಾಳೆ. ಅದರ ಮುಂದಿನ ಸಂಚಿಕೆಯಲ್ಲಿ, ತಣ್ಣಗಾದ ಸೂರ್ಯನ ಮೇಲೆ ಅವರಿಬ್ಬರೂ ನಿಂತಾಗ, ಅವನು ಅವಳ ಪುಟ್ಟ ಕೈಯನ್ನು ಹಿಡಿದು, ಅಂಗೈಯ ಕಿಡಿಯನ್ನು ಅವಳಿಂದಲೇ ಇಡಿಸುತ್ತಾನೆ. ಮೂರು ಮಾರಿನ ಮಾತು ಇಡೀ ಪುಸ್ತಕದಲ್ಲಿ ಎಲ್ಲಿಯೂ ಇಲ್ಲ. ಅವನ ಬೆಂಕಿ ಯಾರನ್ನೂ ಸುಡುವಂಥದ್ದಲ್ಲ. ಟ್ರಂಕಿನಲ್ಲಿ ಕಳೆದುಹೋದವೆಂದು ಚಿಕ್ಕಪ್ಪ ಹೇಳಿದ್ದ ಸಂಚಿಕೆಗಳು ಇವೇ. ಅವನು ಕಂಕುಳಲ್ಲಿ ಇರಿಸಿಕೊಂಡು ಹೋದದ್ದೂ ಇವನ್ನೇ ಇರಬೇಕು.

ಮಾರನೆಯ ದಿನ ಬೆಳಿಗ್ಗೆ ಆ ಸಂಪುಟವನ್ನು ಚೀಲಕ್ಕೆ ಹಾಕಿಕೊಂಡು ಅಜ್ಜಂಪುರದ ಬಸ್ಸು ಹತ್ತಿದೆ. ಚಿಕ್ಕಪ್ಪನಿಗೆ ಈಗ ಎಪ್ಪತ್ತಾರೋ ಎಪ್ಪತ್ತೇಳೋ. ಕಿವಿ ಸ್ವಲ್ಪ ಮಂದ, ಉಳಿದಂತೆ ಗಟ್ಟಿ. ಮನೆಯ ಮುಂದಿನ ಬೆಂಚಿನ ಮೇಲೆ ಕೂತು ಹುರುಳಿಕಾಯಿ ಬಿಡಿಸುತ್ತಿದ್ದ. ನಾನು ಆ ಪುಟ ತೆಗೆದು ಅವನ ತೊಡೆಯ ಮೇಲಿಟ್ಟೆ. ಬಗ್ಗಿ ನೋಡಿದ. ಬೆರಳು ತಾನಾಗಿ ಗುಳ್ಳೆಯ ಮೇಲೆ ಹೋಯಿತು.

"ಸಿಕ್ಕಾಕ್ಕೊಂಬಿಟ್ನಲ್ಲೇ," ಎಂದು ನಕ್ಕ.

"ಯಾಕೆ ಹಂಗೆ ಓದಿದ್ರಿ ಚಿಕ್ಕಪ್ಪಾ? ನಾನು ಹತ್ರ ಬರಬಾರ್ದು ಅಂತ ನೇರವಾಗಿ ಹೇಳಬೌದಿತ್ತಲ್ಲ."

"ನಾನೇನು ಕಂಡಿದ್ದೆ? ಅದು ನಿಮ್ಮಮ್ಮನ ತಲೇಲಿ ಹೊಳ್ದಿದ್ದು."

ಅವನು ಪುಸ್ತಕವನ್ನು ಮುಚ್ಚದೆ, ಅದರ ಮೇಲೆಯೇ ಕೈಯಿಟ್ಟುಕೊಂಡು ಹೇಳಿದ. ನಾನು ಅವನ ಪಕ್ಕ ಮಲಗಿ ಸಿಕ್ಕಿಬಿದ್ದ ದಿನ, ನನ್ನನ್ನು ತೊಳೆದು ಮಲಗಿಸಿದ ಮೇಲೆ, ಅಮ್ಮ ಅವನ ಕೋಣೆಗೆ ಬಂದಳಂತೆ. ಅವನು ಬೈಗುಳಕ್ಕೆ ಕಾದಿದ್ದನಂತೆ. ಅಮ್ಮ ಹೊಸ್ತಿಲ ಮೇಲೆ ಕುಕ್ಕರಗಾಲಲ್ಲಿ ಕೂತು ಅತ್ತಳಂತೆ. ಅಮ್ಮನಿಗೆ ಒಬ್ಬಳು ತಂಗಿ ಇದ್ದಳು, ಚಿಕ್ಕಂದಿನಲ್ಲೇ ಹೋದಳು ಎಂಬುದಷ್ಟೇ ನನಗೆ ಗೊತ್ತಿತ್ತು. ಇದೇ ಕಾಯಿಲೆಯ ತಾಯಿಯ ಪಕ್ಕದಲ್ಲಿ ಆ ಹುಡುಗಿ ದಿನವೂ ಮಲಗುತ್ತಿದ್ದಳಂತೆ. ಯಾರೂ ಬೇಡವೆನ್ನಲಿಲ್ಲ. ತಾಯಿ ಹೋದ ವರ್ಷಕ್ಕೇ ಅವಳೂ ಹೋದಳು.

"ಅದ್ನೆಲ್ಲ ಹೇಳಿ ನಿಮ್ಮಮ್ಮ ಏನಂದ್ಲು ಗೊತ್ತಾ?" ಎಂದ ಚಿಕ್ಕಪ್ಪ. "'ನಾನು ಹೇಳಿದ್ರೆ ಅವ್ಳು ಕೇಳಲ್ಲ ಕಣೋ ಓಂಕಾರ, ಹೊಡೆದ್ರೂ ಕೇಳಲ್ಲ. ನೀನು ಬರಬ್ಯಾಡ ಅಂದ್ರೆ, ಚಿಕ್ಕಪ್ಪಂಗೆ ನಾನು ಬ್ಯಾಡ ಅಂತ ಕೊರಗ್ತಾಳೆ. ಆ ನಿನ್ ಬೆಂಕಿಕೈಯೋನು ಹೇಳ್ದ ಅಂತ ಹೇಳು. ಪುಸ್ತಕದಲ್ಲೇ ಬರ್ದೈತೆ ಅನ್ನು. ಅವ್ನ ಮಾತು ಕೇಳ್ತಾಳೆ' ಅಂತ. ಅಕ್ಷರ ಬಾರ್ದೋಳು ಕಣೇ."

"ಆದ್ರೂ ನಿಮ್ಮನ್ನ ಹೊರಗೆ ಕಳಿಸಿದ್ಲಲ್ಲ" ಎಂದೆ. ಎಂಟು ವರ್ಷದ ಹುಡುಗಿಯ ಮಾತೇ ಬಾಯಿಗೆ ಬಂದಿತ್ತು.

ಚಿಕ್ಕಪ್ಪ ನನ್ನ ಮುಖ ನೋಡಿದ. "ಕಳಿಸ್ದೆ ಇದ್ದಿದ್ರೆ ಆ ಕೊಬ್ಬರಿ ಕೋಣೆಲೇ ಮುಗೀತಿದ್ದೆ. ನಮ್ಮಮ್ಮಂಗೆ ಧೈರ್ಯ ಇರ್ಲಿಲ್ಲ, ನಿಮ್ಮಪ್ಪಂಗೆ ಬಾಯಿ ಇರ್ಲಿಲ್ಲ. ಅತ್ಗೆ ಒಬ್ಳೇ ಕೆಟ್ಟೋಳು ಅನ್ನಿಸ್ಕೊಂಡ್ಲು. ಕೇಳಿದ್ರೆ ಹೇಳ್ತಿದ್ನಲ್ಲೇ. ನೀನು ಯಾವತ್ತೂ ಕೇಳ್ಲಿಲ್ಲ."

ಚಿಕ್ಕಮ್ಮ ಒಳಗಿಂದ ಊಟಕ್ಕೆ ಕರೆದಳು. ಚಿಕ್ಕಪ್ಪ ಬಿಡಿಸಿದ ಹುರುಳಿಕಾಯಿಯನ್ನೇ ಮತ್ತೆ ಬಿಡಿಸುತ್ತಿದ್ದ. ಮೂವತ್ತು ವರ್ಷ ನಾನು ಎಷ್ಟೋ ಮನೆಗಳವರಿಗೆ ಹೇಳಿದ್ದೇನೆ: ಮನೆಯಲ್ಲಿ ಇಟ್ಟುಕೊಂಡು ಕೊರಗಬೇಡಿ, ಕರೆತಂದು ಸೇರಿಸಿ, ಮಕ್ಕಳನ್ನು ದೂರ ಇಡಿ. ಅದೇ ಮಾತನ್ನು ಒಬ್ಬ ಹೆಂಗಸು ಒಲೆ ಹಚ್ಚದೆ ಕೂತು ಹೇಳಿದ್ದನ್ನು ಮಾತ್ರ ಕಲ್ಲೆದೆ ಎಂದು ತಿಳಿದಿದ್ದೆ.

ವಾಪಸು ಬರುವ ಬಸ್ಸಿನಲ್ಲಿ, ಅಮ್ಮನ ಮೇಲಿನ ನನ್ನ ದೂರುಗಳ ಪಟ್ಟಿಯಲ್ಲಿದ್ದ ಇನ್ನೊಂದು ಸಂಗತಿ ನೆನಪಿಗೆ ಬಂತು. ಚಿಕ್ಕಪ್ಪ ಗುಣವಾಗಿ ಬಂದ ದಿನದ ಊಟ. ಆಸ್ಪತ್ರೆಯವರು ಏನೂ ಭಯವಿಲ್ಲ ಎಂದು ಬರೆದುಕೊಟ್ಟಿದ್ದರು. ಆದರೂ ಅಜ್ಜಿ ಅವನ ಹಳೆಯ ತಟ್ಟೆಯನ್ನು ಹುಡುಕಿಕೊಂಡು ಬಂದು ಪಡಸಾಲೆಯ ಮೂಲೆಯಲ್ಲಿಟ್ಟಳು. ಅಮ್ಮ ಅದನ್ನೆತ್ತಿ ಹಿತ್ತಲಿಗೆ ಎಸೆದು, ನಡುಮನೆಯಲ್ಲಿ ನಮ್ಮೆಲ್ಲರ ಸಾಲಿನಲ್ಲೇ ಅವನಿಗೆ ಎಲೆ ಹಾಕಿದಳು. ನಾನು ಆಗ ಹತ್ತು ವರ್ಷದವಳು. ಚಿಕ್ಕಪ್ಪನನ್ನು ಕಂಡು ಎದೆ ಹಾರುತ್ತಿತ್ತು, ಆದರೆ ನನ್ನ ಎಲೆಯನ್ನು ಎತ್ತಿಕೊಂಡು ಹೋಗಿ ಗೋಡೆಯ ಆ ತುದಿಯಲ್ಲಿ ಕೂತೆ. ಕೂರುವ ಮೊದಲು ಕಣ್ಣಲ್ಲೇ ಮೂರು ಮಾರು ಅಳೆದಿದ್ದೆ. ಅಮ್ಮ ಸಾರಿನ ಪಾತ್ರೆ ಹಿಡಿದು ಬಂದವಳು ಅದನ್ನು ನೋಡಿದಳು. ಪಾತ್ರೆ ಕೆಳಗಿಟ್ಟಳು. ನನ್ನ ರಟ್ಟೆಗೆ ಕೈ ಹಾಕಿ, ಎಲ್ಲರೂ ನೋಡುತ್ತಿರುವಂತೆಯೇ ನೆಲದ ಮೇಲೆ ದರದರ ಎಳೆದುಕೊಂಡು ಬಂದು ಚಿಕ್ಕಪ್ಪನ ಮಗ್ಗುಲಿಗೆ ಕುಕ್ಕಿದಳು. ನನಗೆ ಅವಮಾನವಾಗಿ ಅಳು ಬಂತು. ಆಮೇಲೆ ಅವಳು ನನ್ನ ಎಲೆಯನ್ನು ತಂದು ಅವನ ಎಲೆಯ ಅಂಚಿಗೆ ತಾಗುವಂತೆ ಹಾಸಿ, ಬಿಸಿ ಮುದ್ದೆ ಇಟ್ಟು, ಇಬ್ಬರಿಗೂ ಒಂದೇ ಸೌಟಿನಲ್ಲಿ ಸಾರು ಬಿಟ್ಟಳು.

"ಅಷ್ಟು ದೂರ ಯಾಕೇ ಕೂತಿದ್ದೆ?" ಎಂದಳು. "ಈಗ ಏನೂ ಆಗಲ್ಲ. ಉಣ್ಣು."